ಮುಯ್ಯಿಗೆ ಮುಯ್ಯಿ ಎಣಿಸದ ಬಾಳು

(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಧ್ಯಾನಕೂಟದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನೂರು ವರುಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವ ಭಾಗ್ಯ ಎಲ್ಲರಿಗೂ ದೊರೆಯತಕ್ಕದ್ದಲ್ಲ. ಇಂಥ ಸಂದರ್ಭದಲ್ಲಿ ಹಳೆಯ ದಾಖಲೆಪುಸ್ತಕಗಳನ್ನು ತೆರೆದು, ಎಷ್ಟು ಮಂದಿ ಜ್ಞಾನಸ್ನಾನ ಪಡೆದರು, ಎಷ್ಟು ಮದುವೆಗಳು ನೆರವೇರಿದವು, ಗಂಟೆಗೋಪುರ ಯಾವಾಗ ಏರಿತು ಎಂದು ಎಣಿಸುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಬಲ್ಲವರು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಮಾಡಿರುತ್ತಾರೆ. ನಮಗೆ ಗುರುಗಳು ಒಪ್ಪಿಸಿರುವ ವಿಷಯ ದಾಖಲೆಪುಸ್ತಕದಲ್ಲಿ ಬರೆದಿಡಲಾಗದಂಥದು: ನಿತ್ಯದ ಬಾಳಿನಲ್ಲಿ ದಯೆ, ಕ್ಷಮೆ ಮತ್ತು ಪ್ರಾರ್ಥನೆ. ನಾವು ದೇವಶಾಸ್ತ್ರಿಗಳಲ್ಲ. ಕೃಷ್ಣಾತೀರದ ನಾಲತವಾಡ ಸೀಮೆಯಲ್ಲಿ ಹುಟ್ಟಿ ಬೆಳೆದು, ಮಕ್ಕಳಿಗೆ ಕಾಗುಣಿತ, ಮಗ್ಗಿ ಹೇಳಿಕೊಟ್ಟು ನಿವೃತ್ತರಾದ ಶಾಲಾಮಾಸ್ತರರು. ಆದುದರಿಂದ ನಮ್ಮ ಮಾತಿನಲ್ಲಿ ಶಾಸ್ತ್ರಕ್ಕಿಂತ ಹೊಲಮನೆಯ ವಾಸನೆಯೇ ಹೆಚ್ಚಾದರೆ ತಾವು ಮನ್ನಿಸಬೇಕು.

ಮೊದಲಿಗೆ ಒಂದು ಶಬ್ದದಿಂದ ಆರಂಭಿಸುತ್ತೇವೆ. ‘ಮುಯ್ಯಿ’ ಎಂಬ ಮಾತನ್ನು ತಾವೆಲ್ಲ ಬಲ್ಲಿರಿ. ಮದುವೆಯ ಮನೆಯಲ್ಲಿ ಬಂಧುಗಳು ಕೊಡುವ ಉಡುಗೊರೆ ಮುಯ್ಯಿ. ಇಂದು ಅವರು ನಮಗೆ ಹಾಕಿದ್ದನ್ನು ನಾಳೆ ಅವರ ಮನೆಯ ಕಾರ್ಯದಲ್ಲಿ ನಾವು ತಿರುಗಿ ಹಾಕುತ್ತೇವೆ. ಬಿತ್ತಿಗೆಯ ದಿನ ನೆರೆಯವನು ನಮ್ಮ ಹೊಲಕ್ಕೆ ಬಂದು ದುಡಿದರೆ, ಅವನ ಹೊಲಕ್ಕೆ ನಾವು ಹೋಗಿ ದುಡಿಯುವುದು ಮುಯ್ಯಾಳಿನ ಪದ್ಧತಿ. ಎಷ್ಟು ಚಂದದ ಪದ್ಧತಿ! ಆದರೆ ಇದೇ ಶಬ್ದಕ್ಕೆ ಇನ್ನೊಂದು ಮುಖವಿದೆ. ಬಡಿದವನನ್ನು ತಿರುಗಿ ಬಡಿಯುವುದೂ ಮುಯ್ಯಿಯೇ. ‘ಮುಯ್ಯಿ ತೀರಿಸಿಕೊಂಡ’ ಎಂದರೆ ಸೇಡು ತೀರಿಸಿಕೊಂಡನೆಂದೇ ಅರ್ಥ. ಉಪಕಾರಕ್ಕೂ ಅಪಕಾರಕ್ಕೂ ಕನ್ನಡಿಗರು ಒಂದೇ ಶಬ್ದವನ್ನಿಟ್ಟರಲ್ಲ ಎಂದು ನಾವು ಬಹಳ ಕಾಲ ಅಚ್ಚರಿಪಟ್ಟಿದ್ದೆವು. ವಯಸ್ಸಾದ ಮೇಲೆ ಅದರ ಗುಟ್ಟು ತಿಳಿಯಿತು. ಎರಡೂ ಲೆಕ್ಕದ ವ್ಯವಹಾರಗಳೇ. ಕೊಟ್ಟದ್ದನ್ನು ನೆನಪಿಟ್ಟುಕೊಳ್ಳುವ ಮನಸ್ಸು ಪೆಟ್ಟನ್ನೂ ನೆನಪಿಟ್ಟುಕೊಳ್ಳುತ್ತದೆ.

ಯೇಸುಸ್ವಾಮಿ ಈ ಲೆಕ್ಕದ ವಹಿಯ ಎರಡೂ ಪುಟಗಳನ್ನು ಮುಟ್ಟಿದರು. ಔತಣ ಮಾಡುವಾಗ ತಿರುಗಿ ಕರೆಯಬಲ್ಲ ಸಿರಿವಂತರನ್ನಲ್ಲ, ತಿರುಗಿ ಕರೆಯಲಾರದ ಕುಂಟರನ್ನೂ ಕುರುಡರನ್ನೂ ಬಡವರನ್ನೂ ಕರೆಯಿರಿ ಎಂದರು. ಇದು ಉಪಕಾರದ ಮುಯ್ಯಿಯನ್ನು ಬಿಡಿಸುವ ಮಾತು. ಕೆಡುಕಿಗೆ ಕೆಡುಕನ್ನು ತಿರುಗಿಸಬೇಡಿರೆಂದು ಬೋಧಿಸಿದರು. ಇದು ಅಪಕಾರದ ಮುಯ್ಯಿಯನ್ನು ಬಿಡಿಸುವ ಮಾತು. ಮೊದಲನೆಯದನ್ನು ನಾವು ಹಬ್ಬದ ದಿನ ಬಡವರಿಗೆ ಅನ್ನವಿಕ್ಕಿ ಹೇಗೋ ಪಾಲಿಸಿಬಿಡುತ್ತೇವೆ. ಎರಡನೆಯದು ಗಂಟಲಲ್ಲಿ ಇಳಿಯುವುದಿಲ್ಲ.

ಸಂತ ಮತ್ತಾಯರು ಬರೆದ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಬರುವ ಸಾಲಗಾರ ಸೇವಕನ ಸಾಮತಿಯನ್ನು ನಾವೆಲ್ಲ ಎಷ್ಟೋ ಸಾರಿ ಕೇಳಿದ್ದೇವೆ. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾದ ಸೇವಕನೊಬ್ಬನು ಕಾಲಿಗೆ ಬಿದ್ದು ಬೇಡಿಕೊಂಡಾಗ ಅರಸನು ಆ ಸಾಲವನ್ನೆಲ್ಲ ಬಿಟ್ಟುಕೊಟ್ಟನು. ಹೊರಗೆ ಬಂದ ಅದೇ ಸೇವಕನು ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದು ಸೆರೆಮನೆಗೆ ಹಾಕಿಸಿದನು. ನಾವು ಲೆಕ್ಕದ ಮಾಸ್ತರರಾದುದರಿಂದ ಈ ಅಂಕಿಗಳನ್ನು ಸುಮ್ಮನೆ ಬಿಡಲಾಗಲಿಲ್ಲ. ಆ ಕಾಲದಲ್ಲಿ ಒಂದು ದಿನಾರಿ ಎಂದರೆ ಕೂಲಿಕಾರನ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತು ಎಂದರೆ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು! ಅದು ತೀರುವ ಸಾಲವೇ ಅಲ್ಲ. ದೇವರು ನಮಗೆ ಬಿಟ್ಟುಕೊಟ್ಟದ್ದು ಅಷ್ಟು.

ಪೂಜೆಯ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಇಲ್ಲಿಂದ ಮುಂದೆ, ನೂರು ದಿನಾರಿ ಎಂಬುದು ಜುಜುಬಿ ಮೊತ್ತ, ಅದನ್ನೂ ಬಿಡಲಿಲ್ಲವಲ್ಲ ಆ ಪಾಪಿ ಎಂದು ಹೇಳುವುದುಂಟು. ನಾವು ಇದನ್ನು ಒಪ್ಪುವುದಿಲ್ಲ. ನೂರು ದಿನದ ಕೂಲಿ ಜುಜುಬಿಯೆಂದು ಹೇಳುವವರು ಕೂಲಿ ಮಾಡಿದವರಲ್ಲ. 2005ರ ಉದ್ಯೋಗ ಖಾತರಿ ಕಾಯಿದೆಯು ಒಂದು ಹಳ್ಳಿಯ ಕುಟುಂಬಕ್ಕೆ ಇಡೀ ವರ್ಷಕ್ಕೆ ಗೊತ್ತುಮಾಡಿದ ಕೆಲಸವೂ ನೂರು ದಿನವೇ ಆಗಿತ್ತು. ಆ ನೂರು ದಿನದ ಹಣಕ್ಕಾಗಿ ಮಳೆಯಿಲ್ಲದ ವರ್ಷ ಜನರು ಹೇಗೆ ಕಾಯುತ್ತಿದ್ದರೆಂಬುದನ್ನು ನಮ್ಮ ಸೀಮೆಯವರು ಕಣ್ಣಾರೆ ಕಂಡಿದ್ದಾರೆ. ಸ್ವಾಮಿಯು ಕ್ಷಮಿಸೆಂದು ಹೇಳುವುದು ಸಣ್ಣಪುಟ್ಟ ಚಿಲ್ಲರೆಯನ್ನಲ್ಲ. ಮಗಳ ಮದುವೆಗೋ, ಎತ್ತಿನ ಖರೀದಿಗೋ, ಬರಗಾಲದ ಜೋಳಕ್ಕೋ ಒದಗಬಹುದಾಗಿದ್ದ ನಿಜವಾದ ಹಣವನ್ನು, ನಿಜವಾದ ನೋವನ್ನು ಬಿಡು ಎನ್ನುತ್ತಾರೆ. ಕ್ಷಮೆಯು ಸುಲಭವೆಂದು ಹೇಳುವವರು ಕ್ಷಮಿಸಬೇಕಾದವನಿಗೆ ಅವಮಾನ ಮಾಡುತ್ತಾರೆ. ಸಾಮತಿಯ ತಿರುಳು ನೂರು ದಿನಾರಿ ಕಡಿಮೆ ಎಂಬುದಲ್ಲ. ಅದು ದೊಡ್ಡದೇ ಆದರೂ, ಆರು ಕೋಟಿಯ ಬದಿಗಿಟ್ಟು ನೋಡಬೇಕೆಂಬುದು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತನ್ನು ಸೇರಿಸದಿದ್ದರೆ ತಪ್ಪಾದೀತು. ಕ್ಷಮಿಸಬೇಕಾದವನು ಸಾಲ ಕೊಟ್ಟವನು, ಸಾಲ ಮಾಡಿದವನಲ್ಲ. ಒಡೆಯನು ಆಳಿನ ಕೂಲಿಯನ್ನು ಮುರಿದುಕೊಂಡು, ನೀನು ಕ್ರೈಸ್ತನಲ್ಲವೇ, ಕ್ಷಮಿಸಿಬಿಡು ಎಂದರೆ ಅದು ಸಾಮತಿಯ ವಿಡಂಬನೆ. ಮುರಿದ ಕೂಲಿ ದೇವರ ಕಿವಿಗೆ ಕೂಗುತ್ತದೆಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಬರೆದಿದ್ದಾರೆ. ಹಾಗೆಯೇ ಗಂಡನ ಬಡಿತ ತಿಂದು ತವರಿಗೆ ಬಂದ ಹೆಣ್ಣುಮಗಳಿಗೆ, ತಾಳಿಕೋ, ಕ್ಷಮಿಸು ಎಂದು ಬುದ್ಧಿ ಹೇಳಿ ಅದೇ ಮನೆಗೆ ಕಳಿಸುವ ಹಿರಿಯರು ನಮ್ಮಲ್ಲಿ ಉಂಟು. ನಾವೂ ಒಮ್ಮೆ ಹಾಗೆ ಹೇಳಿದವರೇ. ಇಂದಿಗೂ ಅದಕ್ಕಾಗಿ ನಾಚಿಕೆಪಡುತ್ತೇವೆ. ಮೊದಲು ಬಡಿಯುವ ಕೈ ನಿಲ್ಲಬೇಕು. ಕ್ಷಮೆ ಆ ಹೆಣ್ಣುಮಗಳ ಮನಸ್ಸಿನಲ್ಲಿ, ಅವಳದೇ ಕಾಲಕ್ಕೆ ಹುಟ್ಟತಕ್ಕದ್ದು.

ನಮ್ಮ ಮನೆತನದ ಹಿರಿಯರು ಕೃಷ್ಣೆಯ ಆಚೆಯ ಮುದಗಲ್ಲಿನಿಂದ ಬಂದವರೆಂದು ಅಜ್ಜಿ ಹೇಳುತ್ತಿದ್ದರು. ಮುದಗಲ್ಲಿನ ಕಥೋಲಿಕ ಸಮಾಜ ವಿಜಾಪುರದ ಆದಿಲಶಾಹಿ ಅರಸರ ಕಾಲದ್ದು. ಅಲ್ಲಿಯ ದೇವಾಲಯದ ಮೂಲವನ್ನು 1557ರ ಸುಮಾರಿಗೆ ಇಡುವುದು ವಾಡಿಕೆ. ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಸಾಹೇಬರು ಚಾಂದಬೀಬಿಯ ಕಾಲವನ್ನು ಕುರಿತು ‘ಎ ನೋಬಲ್ ಕ್ವೀನ್’ ಎಂಬ ಕಾದಂಬರಿ ಬರೆದರು. ಅವರು ತೀರಿಕೊಂಡ ಮೇಲೆ 1878ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿಯೂ ಮುದಗಲ್ಲಿನ ಕ್ರೈಸ್ತರು ಬರುತ್ತಾರೆ. ಮುಸಲ್ಮಾನ ಅರಸರ ಕೋಟೆಯ ನೆರಳಿನಲ್ಲಿ, ಶರಣರ ನಾಡಿನ ನಡುವೆ, ಬೆರಳೆಣಿಕೆಯ ಕ್ರೈಸ್ತ ಕುಟುಂಬಗಳು ನಾಲ್ಕು ಶತಮಾನಗಳಿಗೂ ಮಿಕ್ಕು ಬದುಕಿ ಬಂದದ್ದು ಹೇಗೆ? ವಾದದಲ್ಲಿ ಗೆದ್ದು ಅಲ್ಲವೆಂಬುದು ನಿಶ್ಚಯ. ನೆರೆಹೊರೆಯವರೊಡನೆ ಬಾಳಿ ಬದುಕಿದರು. ಅದೇ ಮುದಗಲ್ಲಿನ ಮೊಹರಮ್ಮಿಗೆ ಇಂದಿಗೂ ಹಿಂದೂಗಳು ಮುಸಲ್ಮಾನರೊಂದಿಗೆ ಸಾವಿರಗಟ್ಟಲೆ ಸೇರುತ್ತಾರೆ. ಇತ್ತ ನಮ್ಮ ನಾಲತವಾಡ ವೀರೇಶ್ವರ ಶರಣರ ಹೆಸರಿನಿಂದ ನಾಡಿಗೆ ಪರಿಚಿತವಾದ ಊರು. ಬಸವಣ್ಣನವರ ಬಾಗೇವಾಡಿಯೂ ಕೂಡಲಸಂಗಮವೂ ದೂರವಲ್ಲ. ಹಸಿದು ಬಂದವನ ಕುಲವನ್ನು ಕೇಳದೆ ಅನ್ನವಿಕ್ಕುವ ದಾಸೋಹವನ್ನು ನಾವು ಚಿಕ್ಕವರಿದ್ದಾಗ ಕಲಿತದ್ದು ಧರ್ಮೋಪದೇಶದ ತರಗತಿಯಲ್ಲಲ್ಲ, ನೆರೆಮನೆಯ ಹೊಸ್ತಿಲಲ್ಲಿ. 1965ರಲ್ಲಿ ವ್ಯಾಟಿಕನ್ ಮಹಾಸಭೆಯು ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದೇನಿದೆಯೋ ಅದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಘೋಷಿಸಿದಾಗ, ನಮ್ಮ ಅಜ್ಜಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಬರದ ನಾಡಿನಲ್ಲಿ ದಯೆಯೆಂಬುದು ಭಾವನೆಯಲ್ಲ, ರೊಟ್ಟಿ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದ ಕಥೆಯನ್ನು ಹಿರಿಯರು ಹೇಳುವಾಗ ದನಿ ತಗ್ಗಿಸುತ್ತಿದ್ದರು. ಆಗ ಕಲಾದಗಿ ಜಿಲ್ಲೆಯೆನಿಸಿದ್ದ ನಮ್ಮ ಸೀಮೆಯಲ್ಲಿ 1872ರ ಜನಗಣತಿಯಂತೆ ಸುಮಾರು 8 ಲಕ್ಷ 16 ಸಾವಿರ ಜನರಿದ್ದರು. 1881ರ ಗಣತಿಯಲ್ಲಿ ಉಳಿದವರು ಸುಮಾರು 6 ಲಕ್ಷ 38 ಸಾವಿರ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸತ್ತರು ಇಲ್ಲವೆ ಊರು ಬಿಟ್ಟರು. ಹೀಗೆ ನೊಂದ ನೆಲದಲ್ಲಿ ಬಡಿಯುವಾಗ ಎರಡು ರೊಟ್ಟಿ ಹೆಚ್ಚು ಬಡಿದಿಡಬೇಕು, ಯಾರಾದರೂ ಬಂದಾರು ಎಂಬ ತಾಯಂದಿರ ರೂಢಿಯನ್ನು ನಾವು ಒಂದು ಪ್ರಾರ್ಥನೆಯೆಂದೇ ತಿಳಿಯುತ್ತೇವೆ. ಆ ಎರಡು ರೊಟ್ಟಿಗೆ ಮುಯ್ಯಿ ಇಲ್ಲ. ತಿಂದವನು ಯಾರೋ, ಎಲ್ಲಿಗೆ ಹೋದನೋ.

ದಯೆಯಿಂದ ಕ್ಷಮೆಗೆ ಬರೋಣ. ನಮ್ಮ ಕಾಲದಲ್ಲೇ, ನಮ್ಮ ದೇಶದಲ್ಲೇ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಕೇರಳದಲ್ಲಿ ಹುಟ್ಟಿದ ಕನ್ಯಾಸ್ತ್ರೀ ರಾಣಿ ಮರಿಯಾ ಅವರು ಮಧ್ಯಪ್ರದೇಶದ ಉದಯನಗರದಲ್ಲಿ ಬಡ ಆದಿವಾಸಿಗಳ ನಡುವೆ, ಲೇವಾದೇವಿಯವರ ಸಾಲದ ಹಿಡಿತದಿಂದ ಅವರನ್ನು ಬಿಡಿಸುವ ಕೆಲಸದಲ್ಲಿ ತೊಡಗಿದ್ದರು. ಗಮನಿಸಿರಿ, ಇಲ್ಲಿಯೂ ಸಾಲದ ಮಾತೇ. 1995ರ ಫೆಬ್ರುವರಿ 25ರಂದು ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ಸಮುಂದರ್ ಸಿಂಗ್ ಎಂಬಾತನು ಅವರನ್ನು ಇರಿದು ಕೊಂದನು. ಅವರ ಒಡಹುಟ್ಟಿದ ತಂಗಿ ಸೆಲ್ಮಿ ಪೌಲ್ ಅವರೂ ಕನ್ಯಾಸ್ತ್ರೀಯೇ. 2002ರ ಆಗಸ್ಟಿನಲ್ಲಿ, ರಕ್ಷಾಬಂಧನದ ಸಮಯಕ್ಕೆ, ಆಕೆ ಸೆರೆಮನೆಗೆ ಹೋಗಿ ಆ ಕೊಲೆಗಾರನ ಕೈಗೆ ರಾಖಿ ಕಟ್ಟಿ ಅಣ್ಣನೆಂದು ಕರೆದರು. ಆತನು ಬಿಡುಗಡೆಯಾದ ಮೇಲೆ ಕೇರಳದ ಆ ಮನೆಗೂ ಹೋದನು. ಮಗಳನ್ನು ಕಳೆದುಕೊಂಡ ವೃದ್ಧ ತಾಯಿ ಅವನ ಕೈಗೆ ಮುತ್ತಿಟ್ಟರು. 2017ರ ನವೆಂಬರ್ 4ರಂದು ಇಂದೂರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು ಸಾರಲಾಯಿತು.

ಜಗದ್ಗುರು ಎರಡನೆಯ ಜಾನ್ ಪೌಲರು 1981ರ ಮೇ 13ರಂದು ತಮಗೆ ಗುಂಡು ಹೊಡೆದವನನ್ನು 1983ರ ಡಿಸೆಂಬರಿನಲ್ಲಿ ರೋಮಿನ ಸೆರೆಮನೆಯಲ್ಲಿ ಭೇಟಿಯಾದದ್ದು ಲೋಕವೆಲ್ಲ ಬಲ್ಲ ಸಂಗತಿ. ಆದರೆ ನಮ್ಮ ಮನಸ್ಸನ್ನು ಹೆಚ್ಚು ಕಲಕುವುದು ಆ ರಾಖಿಯ ದಾರ. ಆಕೆ ಕ್ಷಮೆಯನ್ನು ತಿಳಿಸಲು ಉದ್ದನೆಯ ಪ್ರಸಂಗ ಮಾಡಲಿಲ್ಲ. ಆ ಮನುಷ್ಯನಿಗೆ ಬಾಲ್ಯದಿಂದ ಪರಿಚಿತವಾದ, ಅವನ ಊರಿನ ಹಬ್ಬದ ಒಂದು ನೂಲನ್ನು ಕೈಯಲ್ಲಿ ಹಿಡಿದುಕೊಂಡು ಹೋದರು. ಕ್ಷಮೆ ಎದುರಿನವನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು.

ನಮ್ಮ ಉತ್ತರ ಕರ್ನಾಟಕದಲ್ಲಿಯೂ ಅಂಥ ಭಾಷೆ ಉಂಟು. ವಿಜಯದಶಮಿಯ ಸಂಜೆ ಬನ್ನಿಯ ಎಲೆಗಳನ್ನು ಹಿಡಿದು ಜನರು ಮನೆಯಿಂದ ಮನೆಗೆ ಹೋಗುತ್ತಾರೆ. ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ಒಬ್ಬರಿಗೊಬ್ಬರು ಕೊಟ್ಟು, ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ. ವರ್ಷವಿಡೀ ಬದುವಿಗಾಗಿ ಜಗಳಾಡಿದವರೂ ಅಂದು ಬಾಗಿಲಿಗೆ ಬಂದವನನ್ನು ಹೊರದೂಡುವಂತಿಲ್ಲ. ಕ್ರೈಸ್ತರು ಇದನ್ನು ಮಾಡಬಹುದೇ ಎಂದು ಕೇಳುವವರುಂಟು. ಗಿಡಕ್ಕೆ ಪೂಜೆ ಮಾಡುವ ಮಾತು ಬೇರೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಒಂದಾಗು ಎಂದು ಸ್ವಾಮಿ ಅಪ್ಪಣೆ ಕೊಟ್ಟಿರುವಾಗ, ಹೋಗುವ ಕೈಯಲ್ಲಿ ಒಂದು ಎಲೆಯಿದ್ದರೆ ಅದರಿಂದ ಯಾವ ಸಿದ್ಧಾಂತಕ್ಕೂ ಕುಂದಿಲ್ಲವೆಂದು ನಮ್ಮ ಅಭಿಪ್ರಾಯ.

ಈ ಅಭಿಪ್ರಾಯ ನಮಗೆ ಪುಸ್ತಕದಿಂದ ಬಂದುದಲ್ಲ. ಅದನ್ನೂ ತಮ್ಮ ಮುಂದೆ ಹೇಳಿಬಿಡುತ್ತೇವೆ, ಪಾಪನಿವೇದನೆಯ ಬದಲಾಗಿ ಅಲ್ಲ, ಅದು ಎಂದೋ ಆಗಿದೆ.

1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣವಾಯಿತು. ಕೃಷ್ಣೆಯ ಹಿನ್ನೀರಿಗೆ ಹೋದ ಹೊಲಗಳಲ್ಲಿ ನಮ್ಮ ತಂದೆಯವರ ಎರೆಹೊಲವೂ ಒಂದು. ಪರಿಹಾರದ ಹಣ ಹಿರಿಯವರೆಂದು ನಮ್ಮ ಅಣ್ಣನವರ ಕೈಗೆ ಬಂದಿತು. ಅವರ ಮಗಳ ಮದುವೆ ಅದೇ ಬೇಸಗೆಯಲ್ಲಿ. ನಮಗೆ ಸೇರಬೇಕಾದ ಪಾಲಿನಲ್ಲಿ ಬಹುಭಾಗ ನಮಗೆ ಸೇರಲಿಲ್ಲ. ಕೇಳಿದಾಗ, ನಿನಗೇನು, ಪಗಾರ ಬರುತ್ತದೆ ಎಂದರು. ಆ ಒಂದು ಮಾತಿಗೆ ಹನ್ನೊಂದು ವರ್ಷ ನಾವು ಅವರೊಡನೆ ಮಾತು ಬಿಟ್ಟೆವು. ಹನ್ನೊಂದು ವರ್ಷ ಒಂದೇ ದೇವಾಲಯದಲ್ಲಿ, ಅವರು ಬಲಗಡೆ, ನಾವು ಎಡಗಡೆ. ಪರಮಪ್ರಸಾದ ಸ್ವೀಕರಿಸುವಾಗ ಅವರು ಎದ್ದರೆ ನಾವು ತುಸು ತಡೆದು ಏಳುತ್ತಿದ್ದೆವು, ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಲ್ಲಬಾರದೆಂದು. ರಾತ್ರಿ ಮಾತ್ರ ಜಪಸರ ತಪ್ಪಿಸಿದವರಲ್ಲ!

ಪ್ರತಿ ಕ್ರಿಸ್ತಜಯಂತಿಗೆ ವೈನಿಯವರು ಒಂದು ತಾಟಿನಲ್ಲಿ ಕರಚಿಕಾಯಿ ಇಟ್ಟು, ಮೇಲೆ ವಸ್ತ್ರ ಮುಚ್ಚಿ, ಮಕ್ಕಳ ಕೈಯಲ್ಲಿ ಕಳಿಸುತ್ತಿದ್ದರು. ತಾಟನ್ನು ಬರಿದಾಗಿ ತಿರುಗಿ ಕಳಿಸಬಾರದೆಂಬುದು ನಮ್ಮ ಕಡೆಯ ರೀತಿ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸಬೇಕು. ನಾವು ಬರಿದಾಗಿಯೇ ಕಳಿಸಬೇಕೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೆವು. ನಮ್ಮ ಮನೆಯವರು ತಾಟನ್ನು ತೊಳೆದು, ಸೆರಗಿನಿಂದ ಒರೆಸಿ, ಏನೂ ಮಾತನಾಡದೆ ಆ ಕೂಸಿನ ಕೈಗೆ ಕೊಡುತ್ತಿದ್ದರು. ಹನ್ನೊಂದು ಸಾರಿ. ಕೊಲೆ ಕಳವುಗಳನ್ನು ಮಾಡದ ನಮ್ಮಂಥವರ ಕ್ರೌರ್ಯವೆಲ್ಲ ಇಂಥ ತೊಳೆದ ತಾಟುಗಳಲ್ಲಿ ಇರುತ್ತದೆ.

ಹನ್ನೊಂದನೆಯ ವರ್ಷದ ಬನ್ನಿಹಬ್ಬ. ಊರಿನ ಪದ್ಧತಿಯಂತೆ ನಾವೂ ಎಲೆಗಳನ್ನು ಹಿಡಿದು ಹಿರಿಯರ ಮನೆಗಳಿಗೆ ಹೋಗಿ ಬಂದೆವು. ಹೊತ್ತು ಮುಳುಗಿದ ಮೇಲೆ, ಕಟ್ಟೆಯ ಮೇಲೆ ಕುಳಿತಿದ್ದ ಮುಸಲ್ಮಾನ ಹಿರಿಯರೊಬ್ಬರು ನಮ್ಮಿಂದ ಬನ್ನಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ, “ಮಾಸ್ತರ, ಊರಿಗೆಲ್ಲಾ ಬನ್ನಿ ಕೊಟ್ರಿ. ಒಂದು ಮನಿ ಉಳೀತಲ್ರೀ” ಎಂದರು. ನಮಗೆ ಸಿಟ್ಟು ಬಂದಿತು. ಉತ್ತರ ಕೊಡದೆ ಮನೆಗೆ ಬಂದೆವು.

ಅಂದು ರಾತ್ರಿ ಜಪಸರ ಹಿಡಿದಾಗ ಪರಲೋಕ ಮಂತ್ರದ ನಡುವೆ ನಾಲಿಗೆ ನಿಂತಿತು. ಪ್ರಭುವು ಕಲಿಸಿದ ಆ ಪ್ರಾರ್ಥನೆಯಲ್ಲಿ ನಾವು ದೇವರಿಗೆ ಒಂದು ಅಳತೆಗೋಲನ್ನು ಕೊಡುತ್ತೇವೆ: ನಾವು ಅನ್ಯರನ್ನು ಕ್ಷಮಿಸಿದ ಅಳತೆಯಲ್ಲೇ ನಮ್ಮನ್ನೂ ಕ್ಷಮಿಸೆಂದು ಬೇಡುತ್ತೇವೆ. ಸಂತ ಮತ್ತಾಯರ ಮೂಲ ಗ್ರೀಕ್ ಪಾಠದಲ್ಲಿ ಅಲ್ಲಿರುವ ಶಬ್ದಕ್ಕೆ ಸಾಲವೆಂದೇ ಅರ್ಥವೆಂದು ಒಬ್ಬ ಗುರುಗಳು ನಮಗೆ ಹಿಂದೆ ಹೇಳಿದ್ದರು. ಆ ರಾತ್ರಿ ಅದು ನೆನಪಾಯಿತು. ದಿನಕ್ಕೆ ಐದು ಸಾರಿಯಾದರೂ, ಹನ್ನೊಂದು ವರ್ಷ, ನಮ್ಮ ಮೇಲೆ ನಾವೇ ತೀರ್ಪು ಹೇಳಿಕೊಂಡು ಬಂದಿದ್ದೆವು. ಮಗ್ಗಿ ಹೇಳಿಕೊಡುವ ಮಾಸ್ತರರಿಗೆ ಅದನ್ನು ಗುಣಿಸುವುದು ಕಷ್ಟವೇ? ಇಪ್ಪತ್ತು ಸಾವಿರ ದಾಟಿತು. ಮುಂದಿನ ಮಣಿ ಜಾರಲಿಲ್ಲ. ಪ್ರಾರ್ಥನೆ ನಮ್ಮನ್ನು ಶಾಂತಗೊಳಿಸುತ್ತದೆಂದು ಬಹಳ ಜನ ಹೇಳುತ್ತಾರೆ. ನಮ್ಮನ್ನು ಅದು ಆ ರಾತ್ರಿ ನಿದ್ದೆ ಮಾಡಗೊಡಲಿಲ್ಲ. ನಿಜವಾಗಿ ಪ್ರಾರ್ಥಿಸಿದ್ದು ಅಂದೇ ಮೊದಲೋ ಏನೋ.

ಮರುದಿನ ಬೆಳಿಗ್ಗೆ ಹೋದೆವು. ಹಬ್ಬ ಮುಗಿದಿತ್ತು, ಕೈಯಲ್ಲಿದ್ದ ಎಲೆ ಬಾಡಿತ್ತು. ಅಣ್ಣನವರು ದನದ ಕೊಟ್ಟಿಗೆಯಲ್ಲಿ ಸೆಗಣಿ ಬಳಿಯುತ್ತಿದ್ದರು. ನಾವು ಎಲೆ ಕೊಟ್ಟು ಕಾಲು ಮುಟ್ಟಿದೆವು. ಅವರು ಕೈಯನ್ನು ಧೋತರಕ್ಕೆ ಒರೆಸಿಕೊಂಡು ಎಲೆ ಇಸಿದುಕೊಂಡರು. ಬಹಳ ಹೊತ್ತು ಇಬ್ಬರೂ ಎತ್ತಿನ ಕಡೆ ನೋಡುತ್ತ ನಿಂತೆವು. “ಚಹಾ ಕುಡದ ಹೋಗು” ಎಂದರು, ಅಷ್ಟೇ.

ಹಣದ ಮಾತು ಅಂದೂ ಬರಲಿಲ್ಲ, ಮುಂದೆ ಎಂದೂ ಬರಲಿಲ್ಲ. ಅವರು ತಪ್ಪಾಯಿತೆಂದು ಹೇಳಲಿಲ್ಲ. ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತೆಂದು ಹೇಳಿದರೆ ಈ ಪವಿತ್ರ ಸ್ಥಳದಲ್ಲಿ ಸುಳ್ಳಾಡಿದಂತಾದೀತು. ಮಕ್ಕಳ ಶಾಲೆಯ ಖರ್ಚಿಗೆ ಕೈ ಕಟ್ಟಿದ ದಿನ ಹಳೆಯ ಅಂಕಿ ತಾನಾಗಿ ನೆನಪಿಗೆ ಬರುತ್ತಿತ್ತು, ಮತ್ತೆ ಬಿಡಬೇಕಾಗುತ್ತಿತ್ತು. ಎಷ್ಟು ಸಾರಿ ಕ್ಷಮಿಸಬೇಕೆಂದು ಸಂತ ಪೇತ್ರರು ಕೇಳಿದಾಗ ಸ್ವಾಮಿ ಎಪ್ಪತ್ತೇಳರ ಲೆಕ್ಕ ಹೇಳಿದ್ದು ಎಪ್ಪತ್ತೇಳು ತಪ್ಪುಗಳಿಗಾಗಿಯೇ ಇರಬೇಕೆಂದೇನಿಲ್ಲ. ಒಂದೇ ತಪ್ಪನ್ನು ಅಷ್ಟು ಸಾರಿ ಕ್ಷಮಿಸಬೇಕಾಗಿ ಬರುತ್ತದೆ. ಇದು ನಮ್ಮ ಅನುಭವದ ಮಾತು. ಗುರುಗಳು ಒಪ್ಪದಿದ್ದರೆ ತಿದ್ದಬೇಕು. ಅಣ್ಣನವರು ಈಗಿಲ್ಲ. ಅವರ ಕೊನೆಯ ವರ್ಷಗಳಲ್ಲಿ ದೇವಾಲಯದಲ್ಲಿ ಒಂದೇ ಬೆಂಚಿನಲ್ಲಿ ಕುಳಿತೆವು; ಅವರಿಗೆ ಕಣ್ಣು ಮಂದವಾಗಿತ್ತು, ಗೀತೆಯ ಪುಟವನ್ನು ನಾವು ತೆರೆದುಕೊಡುತ್ತಿದ್ದೆವು.

ಆ ವರ್ಷದ ಕ್ರಿಸ್ತಜಯಂತಿಗೆ ವೈನಿಯವರ ತಾಟು ಎಂದಿನಂತೆ ಬಂದಿತು. ನಮ್ಮ ಮನೆಯವರು ಕರಚಿಕಾಯಿಗಳನ್ನು ಬುಟ್ಟಿಗೆ ಸುರುವಿಕೊಂಡು, ತಾಟನ್ನು ತೊಳೆದು, ಒರೆಸಿ, ನಮ್ಮ ಮುಖವನ್ನು ನೋಡಿದರು. ನಾವು ಸಕ್ಕರೆಯ ಡಬ್ಬಿ ಎಲ್ಲಿದೆ ಎಂದು ಕೇಳಿದೆವು. ಡಬ್ಬಿ ಅದಾಗಲೇ ಅವರ ಕೈಯಲ್ಲಿತ್ತು.